ಕೆತ್ತಿ ಊರಿನ ಚರನಕ್ಷತ್ರ ಸಂಖ್ಯೆ 417ರ ಪಾಲನೆ ಕುರಿತು

ಸಂಖ್ಯೆ: ಆಕಾಶ/ಏರಿಳಿತ/417/2024-25

ವಿಷಯ: ಶ್ರೀಮತಿ ಸುನೀತಾ ಅವರ ಅಡುಗೆಮನೆಯ ಬಲ್ಬನ್ನು ನಕ್ಷತ್ರವಾಗಿಯೇ ಮುಂದುವರಿಸುವ ಬಗ್ಗೆ.

ಉಲ್ಲೇಖ: ಸದರಿಯವರು ದೋಸೆ ಹುಯ್ಯುತ್ತಿದ್ದುದನ್ನು ತಡೆದು ದಿನಾಂಕ 11ರ ಬೆಳಿಗ್ಗೆ ನಡೆಸಿದ ಸ್ಥಳಪರಿಶೀಲನೆ (ಸೀದ ದೋಸೆ ಒಂದು, ಲಗತ್ತಿಸಿದೆ).

1. ಎದುರುಗುಡ್ಡದ ಮೇಲಿರುವ ಈ ಶಾಖೆಯ ಕ್ಯಾಮೆರಾ ಪ್ರತಿ ರಾತ್ರಿ ಇಡೀ ಆಕಾಶವನ್ನು ಚಿತ್ರಿಸಿ, ಬೆಳಕು ಏರಿಳಿಯುವ ನಕ್ಷತ್ರಗಳನ್ನು ಪಟ್ಟಿ ಮಾಡುತ್ತದೆ. ಅದರಲ್ಲಿನ 417ನೆಯದು ಬಲ್ಬೆಂದು ಈಗ ತಿಳಿದುಬಂದಿದೆ. ಪಟ್ಟಿಯು ಮೂರು ಪ್ರತಿಗಳಲ್ಲಿ ರವಾನೆಯಾಗಿರುವುದರಿಂದ ಅದನ್ನು ಇನ್ನು ಮುಂದೆಯೂ ಯಾರೂ ಬಲ್ಬೆಂದು ಕರೆಯತಕ್ಕದ್ದಲ್ಲ.

2. ನಕ್ಷತ್ರವನ್ನು ಒರೆಸುವ ಮುನ್ನ ಅನುಮತಿ ಪಡೆಯತಕ್ಕದ್ದು. ಕರೆಂಟು ಹೋದಲ್ಲಿ ಗ್ರಹಣವೆಂದು ಭಾವಿಸತಕ್ಕದ್ದು. ಇಡ್ಲಿಯ ಹಬೆಯಿಂದ ಕಾಂತಿ ಕುಂದುವುದಿದ್ದಲ್ಲಿ, ಅಕ್ಕಿ ನೆನೆಹಾಕುವಾಗಲೇ ಲಿಖಿತವಾಗಿ ತಿಳಿಸತಕ್ಕದ್ದು.

3. ಇತರ ನಕ್ಷತ್ರಗಳು ತಪ್ಪದೆ ಮುಳುಗುತ್ತಿದ್ದರೂ ಇದು ಎರಡು ವರ್ಷಗಳಿಂದ ಮುಳುಗದಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. "ಗೋಡೆಗೆ ಮೊಳೆ ಹೊಡ್ದು ಕಟ್ಟಿರೋದು ಸಾರ್, ಎಲ್ಲಿಗ್ ಮುಳುಗುತ್ತೆ?" ಎಂಬ ಪತಿಯ ಸಮಜಾಯಿಷಿಯನ್ನು ತಿರಸ್ಕರಿಸಲಾಗಿದೆ.

4. ಜನವರಿಯಲ್ಲಿ ಒಂಬತ್ತು ಬಾರಿ, ಹೊತ್ತಲ್ಲದ ಹೊತ್ತಿನಲ್ಲಿ ನಕ್ಷತ್ರವು ಹೊತ್ತಿಕೊಂಡಿದೆ. ಕಾರಣ ಕೇಳಲಾಗಿ 'ಮಗೀಗೆ ಕೆಮ್ಮು' ಎಂದು ಶ್ರೀಮತಿ ಸುನೀತಾ ಅವರು ಉತ್ತರಿಸಿರುತ್ತಾರೆ. ನಕ್ಷತ್ರಗಳಿಗೆ ಈ ಕಾರಣವು ಅನ್ವಯಿಸದು. ಮಗುವು ಇನ್ನು ಮುಂದೆ ನಿಗದಿತ ಅವಧಿಗೊಮ್ಮೆ ಮಾತ್ರ ಕೆಮ್ಮುವಂತೆ ಈ ಮೂಲಕ ಸೂಚಿಸಲಾಗಿದೆ.

5. ಪರಿಶೀಲನೆಯ ವೇಳೆ ನಕ್ಷತ್ರವು ರಾತ್ರಿ ಹೊತ್ತುವ, ಆರುವ ಗಂಟೆಗಳನ್ನು ತೋರಿಸುವ ನಕ್ಷೆಯನ್ನು ಅಡುಗೆಮನೆಯ ನೆಲದಲ್ಲಿ ಹಾಸಲಾಗಿತ್ತು. ಗಂಟೆಗೊಂದು ಬೆರಳಿನಂತೆ, ಬೆಳಕಿಲ್ಲದ ಕಪ್ಪು ಪಟ್ಟಿಯು ನಾಲ್ಕು ಬೆರಳಗಲವಿರುವುದನ್ನು ಮನೆಯ ಮಗುವು ಮೂರು ಸಲ ಅಳೆದಿರುತ್ತದೆ. ಬಳಿಕ ತನ್ನ ನಿದ್ದೆಯ ಲೆಕ್ಕಕ್ಕೆ ಎರಡೂ ಕೈ ಬಿಡಿಸಿ ಪಕ್ಕದಲ್ಲಿಟ್ಟು, ಏನನ್ನೋ ಕೇಳಲು ಬಾಯಿ ತೆರೆದಿರುತ್ತದೆ. ತಾಯಿಯು ಆ ಬಾಯಿಗೆ ದೋಸೆಯ ತುಂಡು ಇಟ್ಟಿದ್ದರಿಂದ ಪ್ರಶ್ನೆಯು ದಾಖಲಾಗಿಲ್ಲ.

6. ನಕ್ಷತ್ರವು ಹೆಚ್ಚು ಹೊತ್ತು ಆರಿರಬೇಕೆಂದು ಶಿಫಾರಸು ಮಾಡಲು ಈ ಶಾಖೆಗೆ ಅಧಿಕಾರವಿಲ್ಲ. ಅಧಿಕಾರ ಯಾರಿಗಿದೆ ಎಂಬುದನ್ನು ಪತ್ತೆಹಚ್ಚಲಾಗುತ್ತಿದೆ.

(ಸಹಿ)
ಮುರಳೀಧರನ್
ಅಧೀಕ್ಷಕರು, ಏರಿಳಿತ ಶಾಖೆ
ಊಟಿ ಬಿಡಾರ

ಪ್ರತಿಗಳು:

ಶ್ರೀ ಗುರುಮೂರ್ತಿ, ಪತಿ: ನಕ್ಷತ್ರದಡಿ ನಿಂತು ಕಾಫಿ ಕೇಳುವಾಗ ನೆರಳು ಬೀಳದಂತೆ ಬಗ್ಗಿ ಕೇಳಲು.

ಶ್ರೀಮತಿ ಕಮಲಂ, ಪಕ್ಕದ ಮನೆ: ತಮ್ಮ ಟ್ಯೂಬ್‌ಲೈಟನ್ನು ಧೂಮಕೇತುವೆಂದು ಪರಿಗಣಿಸಲು ಕೋರಿದ ಅರ್ಜಿ ಪರಿಶೀಲನೆಯಲ್ಲಿದೆ.

ಕು. ಗೀತಾಂಜಲಿ, ಮಗಳು, ಎರಡನೇ ತರಗತಿ: ನಕ್ಷೆಯೊಂದಿಗೆ. ಈ ಪತ್ರದ ಕರಡನ್ನು ಓದಿ ಹೇಳಲು ಹೋದ ಸಿಬ್ಬಂದಿಯೆದುರು, ಬಾಯಲ್ಲಿ ದೋಸೆಯಿಲ್ಲದ ಸಮಯದಲ್ಲಿ, ಸದರಿಯವಳು ತಾಯಿಯನ್ನು ಕೇಳಿದ್ದನ್ನು ಯಥಾವತ್ತಾಗಿ ಇಲ್ಲಿ ದಾಖಲಿಸಿದೆ: "ಅವ್ವಾ, ನಿಂಗೆ ರಾತ್ರಿ ಬರೀ ನಾಕೇ ಬೆರಳಾ?"