ದೊಡ್ಡವ್ವನ ಹೆಬ್ಬೆರಳಿನ ಉಗುರು

ನನ್ನ ಮಾನ ಕಳೆಯಲು ಊರ ಜನ ಬೇಕಿಲ್ಲ, ನಮ್ಮ ದೊಡ್ಡವ್ವ ಒಬ್ಬಳೇ ಸಾಕು! ಜೊತೆಗೊಂದು ದಾಸವಾಳದ ಗಿಡವಿದ್ದರೆ ಮುಗಿಯಿತು.

ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ, ನನ್ನನ್ನು ಬೆಳೆಸಿದವಳು. ಐರಣಿ ಕಡೆಯ ಬೀಜದ ಹೊಲಗಳಲ್ಲಿ ಮೂವತ್ತು ವರ್ಷ ಬೆಂಡೆ, ಹತ್ತಿಯ ಹೂಗಳನ್ನು ಕ್ರಾಸ್ ಮಾಡಿದ ಕೈ ಅವಳದು. ಸಂಜೆ ಮೊಗ್ಗು ಬಿಡಿಸಿ ಗಂಡು ಭಾಗ ತೆಗೆಯಬೇಕು, ಬೆಳಿಗ್ಗೆ ಬೇರೆ ಗಿಡದ ಹೂವಿನ ಪುಡಿ ತಂದು ಹೆಣ್ಣಿನ ತುದಿಗೆ ಸವರಿ, ಗುರುತಿಗೆ ಕೆಂಪು ದಾರ ಕಟ್ಟಬೇಕು. ಅದಕ್ಕೆಂದೇ ಹೆಬ್ಬೆರಳಿನ ಉಗುರು ಉದ್ದ ಬಿಟ್ಟಿದ್ದಾಳೆ. ಈಗ ರಾಣೆಬೆನ್ನೂರಿನಲ್ಲಿ ನನ್ನ ಜೊತೆ ಇದ್ದಾಳೆ. ಕೆಲಸ ಬಿಟ್ಟಳು, ಉಗುರು ಬಿಡಲಿಲ್ಲ. ದಾಸವಾಳವೂ ಬೆಂಡೆಯ ಕುಲದ್ದೇ ಅಲ್ಲವೇ? ಕೈ ಸುಮ್ಮನಿದ್ದೀತೇ?

ಒಂದು ಬೆಳಿಗ್ಗೆ ಪಕ್ಕದ ಮನೆಯವರು ಪೂಜೆಗೆ ಹೂ ಬಿಡಿಸಲು ಹೋದರೆ ಗಿಡದ ತುಂಬ ಕೆಂಪು ದಾರ! ದೊಡ್ಡವ್ವ ಕಾಂಪೌಂಡಿನ ಈಚೆಯಿಂದ ಗದರಿದಳು: "ಒಂದ ತಿಂಗಳ ಯಾರೂ ಮುಟ್ಟಬ್ಯಾಡ್ರಿ. ಬಸುರಿ ಅದಾವು!"

ಕದರಮಂಡಲಗಿಯ ಹನುಮಪ್ಪನ ಗುಡಿಗೆ ಹೋದಾಗ ಇನ್ನೊಂದು ಫಜೀತಿ. ದೇವರಿಗೆಂದು ಒಯ್ದ ದಾಸವಾಳಗಳ ಗಂಡು ಭಾಗವನ್ನೆಲ್ಲ ಸರದಿಯಲ್ಲಿ ನಿಂತಲ್ಲೇ ಸುಲಿದು ತೆಗೆದಿದ್ದಳು. ಪೂಜಾರಿ ಕಣ್ಣು ಬಿಟ್ಟರೆ, "ಹನುಮಪ್ಪ ಬ್ರಹ್ಮಚಾರಿ ಅದಾನ್ರಿ. ಅವಗ ಇದರ ಗೊಡವಿ ಯಾಕ?" ಎಂದಳು. ನಾನು ಕಂಬದ ಹಿಂದೆ ಸರಿದೆ.

ಇಷ್ಟಾದರೂ ನನಗೆ ಬುದ್ಧಿ ಬಂತೇ? ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಇಲಾಖೆಯ ಸಾಹೇಬರು ನನ್ನ ಪಾಠ ನೋಡಲು ಬರುವವರಿದ್ದರು. ಪಾಠ, ದಾಸವಾಳದ ಭಾಗಗಳು. ಹೂ ತಂದುಕೊಡಲು ದೊಡ್ಡವ್ವನಿಗೇ ಹೇಳಿದೆ.

"ಗಂಡು ಭಾಗ ಕೀಳಬ್ಯಾಡ ಮತ್ತ. ಪೂರಾ ಹೂವು ಬೇಕು."

"ಆತು ಬಿಡ, ಕೂಸ."

ನಾನು ಸಾಹೇಬರ ಜೊತೆ ಒಳಗೆ ಹೋದಾಗ ಅವಳು ಆಗಲೇ ಬುಟ್ಟಿ ಇಟ್ಟುಕೊಂಡು ತರಗತಿಯ ಬಾಗಿಲಲ್ಲಿ ಕುಳಿತಿದ್ದಳು. ಎಂದೂ ಇಲ್ಲದಂತೆ ಮಕ್ಕಳು ಗಪ್‌ಚುಪ್! ಸಾಹೇಬರ ಭಯ ಎಂದುಕೊಂಡೆ.

ಪಾಠ ಸರಾಗವಾಗಿ ನಡೆಯಿತು. ಹಸಿರು ಪುಷ್ಪಪತ್ರ ಮೊಗ್ಗನ್ನು ಕಾಯುತ್ತದೆ, ಕೆಂಪು ದಳ ಹಕ್ಕಿ, ಚಿಟ್ಟೆಗಳನ್ನು ಕರೆಯುತ್ತದೆ, ಕೇಸರದ ತುದಿಯ ಹಳದಿ ಪುಡಿಯೇ ಪರಾಗ, ಮೇಲಿನ ಐದು ಕೆಂಪು ಚುಕ್ಕೆಗಳು ಅದನ್ನು ಹಿಡಿಯುತ್ತವೆ, ಬುಡದ ಅಂಡಾಶಯದಲ್ಲಿ ಬೀಜ ಕಟ್ಟುತ್ತದೆ.

"ಪರಾಗ ಮೇಲಿಂದ ಬುಡದ ತನಕ ಹೋಗೂ ದಾರಿ ಯಾವುದು? ತೋರಸ್ರಿ," ಎಂದರು ಸಾಹೇಬರು.

ಪುಸ್ತಕದ ಚಿತ್ರದಲ್ಲಿ ಅದು ಸೊಗಸಾಗಿ ಕಾಣುತ್ತದೆ. ಕೈಯಲ್ಲಿದ್ದ ಹೂವಿನಲ್ಲಿ ಕಾಣಲೊಲ್ಲದು! ಬ್ಲೇಡಿನಿಂದ ಸೀಳಿದೆ, ಜಜ್ಜಿಹೋಯಿತು. ಇನ್ನೊಂದು ಹೂ, ಮತ್ತೊಂದು ಹೂ. ಅವೂ ಅಷ್ಟೇ.

"ಬ್ಲೇಡ್ ಬಿಡ," ಎಂದಿತು ಬಾಗಿಲಿನ ದನಿ. "ಅದು ಗಂಡಿನ ಕೊಳವಿ ಒಳಗ ಐತಿ. ಉಗುರಲೆ ಸುಲಿ."

ಸಾಹೇಬರು ತಿರುಗಿದರು. "ಯಾರಿವರು?"

ಮಣ್ಣು ಮೆತ್ತಿದ ಸೀರೆ, ಆ ಉಗುರು. ನನಗೆ ನಾಚಿಕೆಯಾಯಿತು.

"ಯಾರೋ ಹೂ ಕೊಡಾಕ ಬಂದಾರ್ರಿ, ಸರ್."

ದೊಡ್ಡವ್ವ ಎದ್ದಳು. ಒಂದು ಹೂವಿನ ಕೇಸರದ ಕೊಳವೆಯನ್ನು ಉಗುರಿನಿಂದ ಸುಲಿದು ಮೇಜಿನ ಮೇಲಿಟ್ಟಳು. ಒಳಗೆ ಸಣ್ಣ ಎಳೆಯೊಂದು ತುದಿಯಿಂದ ಬುಡದವರೆಗೆ ಹರಿಯದೆ ನಿಂತಿತ್ತು.

"ಬರ್ತೇನ್ರಿ, ಮೇಡಂ," ಎಂದು ಹೊರಟಳು. ಹುಟ್ಟಿದಾಗಿನಿಂದ ಅವಳು ನನ್ನನ್ನು 'ಕೂಸು' ಎಂದಲ್ಲದೆ ಬೇರೇನೂ ಕರೆದವಳಲ್ಲ.

ಸಾಹೇಬರು ನನ್ನನ್ನು ಹೊಗಳಿ ಹೋದರು. ಸಂಜೆ ಅವಳು ಎಂದಿನಂತೆ ರೊಟ್ಟಿ ಬಡಿದು ಬಡಿಸಿದಳು. "ತಪ್ಪಾತು" ಎನ್ನಲು ನನಗೆ ಬಾಯಿ ಬರಲಿಲ್ಲ. ಥೂ, ಎಂಥ ಜನ್ಮ ನನ್ನದು ಎನಿಸಿತು.

ಮರುದಿನ ಮಕ್ಕಳ ಮುಂದಾದರೂ ನಿಜ ಹೇಳೋಣವೆಂದು ಧೈರ್ಯ ಮಾಡಿದೆ. "ನಿನ್ನೆ ಹೂ ತಂದಿದ್ದರಲ್ಲ, ಅವರು ನಮ್ಮ ದೊಡ್ಡವ್ವ."

ಯಾರ ಮುಖದಲ್ಲೂ ಆಶ್ಚರ್ಯವಿಲ್ಲ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಗೊತ್ತೈತ್ರಿ, ಟೀಚರ್. ನೀವು ಒಳಗ ಬರೂಕಿಂತ ಮೊದಲ ಹೇಳಿದ್ರು. 'ನಾ ಬೆಳಿಸಿದ ಕೂಸೈತಿ. ಇವತ್ತ ಅಕಿಗೆ ಹೆದರಿಕಿ ಆಗೇತಿ. ಯಾರೂ ಗದ್ದಲ ಮಾಡಬ್ಯಾಡ್ರಿ' ಅಂತ."