ಅತ್ತೆಯಿಲ್ಲದ ಮನೆಯಲ್ಲಿ ಒಂದು ದವಡೆ ಹಲ್ಲು

ಹಲ್ಲು ಉಳಿಸುವುದೋ ಕೀಳಿಸುವುದೋ ಎಂಬುದು ಐದು ನಿಮಿಷದ ಮಾತು ಎಂದುಕೊಂಡಿದ್ದೆ. ಹಲ್ಲು ನನ್ನದು, ಬಾಯಿ ನನ್ನದು, ನೋವೂ ನನ್ನದೇ. ಅದರಲ್ಲಿ ಇನ್ನೊಬ್ಬರನ್ನು ಕೇಳುವುದಕ್ಕೆ ಏನಿದೆ!

ಕೆಳಸಾಲಿನ ಬಲಗಡೆಯ ದವಡೆ ಹಲ್ಲು. ಬಹಳ ಹಿಂದೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದ್ದು. ಈಗ ಅದರ ಬುಡದಲ್ಲಿ ಮತ್ತೆ ಕೀವು. ಡೊಂಬಿವಲಿ ಸ್ಟೇಷನ್ ಹತ್ತಿರದ ನಮ್ಮ ಡಾಕ್ಟರು ನನ್ನ ಮಗಳ ಪ್ರಾಯದವರು. ಎಕ್ಸ್‌ರೇ ಬೆಳಕಿಗೆ ಹಿಡಿದು ಹಿಂದಿಯಲ್ಲಿ ವಿವರಿಸಿದರು. ಕ್ಯಾಪ್ ತೆಗೆದು ಇನ್ನೊಮ್ಮೆ ರೂಟ್ ಕೆನಾಲ್ ಮಾಡಿದರೆ ಹಲ್ಲು ಉಳಿಯಬಹುದು, ಉಳಿಯದೆಯೂ ಇರಬಹುದು. ಇಲ್ಲವಾದರೆ ಕೀಳುವುದು. ತಡಮಾಡಿದರೆ ಆರಿಸುವುದಕ್ಕೆ ಏನೂ ಇರುವುದಿಲ್ಲ.

"ಆಂಟಿ, ಆಪ್ ಡಿಸೈಡ್ ಕರೋ."

"ನಾನಾ?" ಎಂದು ಕನ್ನಡದಲ್ಲೇ ಕೇಳಿಬಿಟ್ಟೆ.

ಇಲ್ಲಿ ನಮ್ಮ ಮನೆಯ ಆಡಳಿತದ ಬಗ್ಗೆ ಎರಡು ಮಾತು ಹೇಳಬೇಕು. ಕುಂದಾಪುರದ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದ ದಿನದಿಂದಲೂ ತೀರ್ಮಾನದ ಖಾತೆ ಅತ್ತೆಯವರ ಕೈಯಲ್ಲಿತ್ತು. ಪರದೆಯ ಬಣ್ಣ, ಮಗಳ ಶಾಲೆ, ಸಾರಿಗೆ ಎಷ್ಟು ಹುಳಿ, ಎಲ್ಲ. ನಾನು ಒಂದು ಹೇಳುವುದು, ಅವರು "ಅದೆಲ್ಲ ಬೇಡ" ಎನ್ನುವುದು, ಆಮೇಲೆ ಅವರು ಹೇಳಿದ ಹಾಗೆ ಆಗುವುದು. ಈ ಹಲ್ಲನ್ನು ಉಳಿಸಿದ್ದೂ ಅವರೇ. ನಾನು ಆಗಲೇ ಕೀಳಿಸುತ್ತೇನೆ ಎಂದಿದ್ದೆ. ಎಂಬತ್ತು ದಾಟಿದರೂ ತಮ್ಮ ಬಾಯಿಂದ ಒಂದು ಹಲ್ಲೂ ಹೋಗಿಲ್ಲ ಎಂದು ಅವರಿಗೆ ಬಹಳ ಹೆಮ್ಮೆ. ಕಳೆದ ಮಳೆಗಾಲದಲ್ಲಿ ಎಲ್ಲ ಹಲ್ಲುಗಳ ಸಮೇತ ತೀರಿಕೊಂಡರು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ಒಂದು ತೀರ್ಮಾನ ಆಗಿಲ್ಲ. ಕಿಟಕಿಯ ಹತ್ತಿರ ಅವರ ನೀಲಿ ಪ್ಲಾಸ್ಟಿಕ್ ಕುರ್ಚಿ ಇದೆ. ಯಾರಿಗಾದರೂ ಕೊಡುವುದೋ ಇಟ್ಟುಕೊಳ್ಳುವುದೋ ತಿಳಿಯದೆ ಅಲ್ಲೇ ಇದೆ. ಕಸ ಗುಡಿಸುವಾಗ ಸುತ್ತು ಹಾಕಿ ಗುಡಿಸುತ್ತೇನೆ.

"ಎಂತ ಮಾಡುದು?" ಎಂದು ಯಜಮಾನರನ್ನು ಕೇಳಿದೆ.

"ನಿನ್ನ ಹಲ್ಲು. ನೀನೇ ಹೇಳು."

"ಮನೆ ಯಜಮಾನರು ನೀವಲ್ವಾ?"

"ಯಾರು ಹೇಳಿದ್ದು ನಿಂಗೆ?"

ಅದೂ ನಿಜವೇ!

ನೆರೂಳಿನಲ್ಲಿರುವ ಮಗಳಿಗೆ ಫೋನ್ ಮಾಡಿದೆ. ನಾನು ಕನ್ನಡದಲ್ಲಿ, ಅವಳು ಹಿಂದಿಯಲ್ಲಿ. "ಮಮ್ಮಿ, ನಿಕಾಲ್ ದೋ ನಾ! ಇತನಾ ಕ್ಯಾ ಸೋಚನಾ?" ಕೀಳಿಸಿಬಿಡು ಎಂದು ಅಷ್ಟು ಸಲೀಸಾಗಿ ಹೇಳಿದ್ದು ನನಗೆ ಹಿಡಿಸಲಿಲ್ಲ. ಹಾಗಾದರೆ ತನ್ನ ಪರಿಚಯದ ಡಾಕ್ಟರಿಗೆ ತೋರಿಸುವ ಎಂದಳು. ಕೆನ್ನೆಗೆ ಸೆರಗು ಒತ್ತಿಕೊಂಡು, ಠಾಣೆಯಲ್ಲಿ ರೈಲುಗಾಡಿ ಬದಲಿಸಿ ಹೋದೆ. ಆ ಡಾಕ್ಟರು ಕನ್ನಡಿ ಹಾಕಿ, ದೀಪ ಹಾಕಿ, ಬಹಳ ಹೊತ್ತು ನೋಡಿದರು. "ಫಿಫ್ಟಿ ಫಿಫ್ಟಿ. ಡಿಸಿಶನ್ ಆಪ್‌ಕಾ" ಎಂದರು. ಇದನ್ನು ಕೇಳಲು ಎರಡು ಗಾಡಿ!

ಎದುರು ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎಂದು ಕರೆಯುವವರು, ಅತ್ತೆಯ ಸಂಜೆಯ ಜೊತೆಗಾತಿಯಾಗಿದ್ದರು. ನನ್ನ ಊದಿದ ಕೆನ್ನೆ ಕಂಡು ಬಾಗಿಲಲ್ಲೇ ತಡೆದರು.

"ಅಗಬಾಯಿ! ನಮ್ಮ ಬಿಲ್ಡಿಂಗಿನ ಹಾಗೇ ಆಯಿತಲ್ಲ! ರಿಪೇರಿಯೋ ರಿಡೆವಲಪ್‌ಮೆಂಟೋ ಎಂದು ಸೊಸೈಟಿಯವರು ಮೀಟಿಂಗ್ ಮೇಲೆ ಮೀಟಿಂಗ್ ಮಾಡುತ್ತಾರೆ, ಇಲ್ಲಿ ಪ್ಲಾಸ್ಟರ್ ತಲೆ ಮೇಲೆ ಬೀಳುತ್ತಿದೆ." ಒಳಗೆ ಅತ್ತೆಯ ಕುರ್ಚಿಯ ಕಡೆ ಇಣುಕಿ, "ಆಜೀ ಇದ್ದಿದ್ದರೆ ಒಂದು ಮಿನಿಟಿನ ಕೆಲಸ" ಎಂದರು.

ನನಗೆ ಉಪಾಯ ಹೊಳೆದದ್ದು ಆಗಲೇ. ಭಾನುವಾರ ಮಧ್ಯಾಹ್ನ ಯಜಮಾನರಿಗೆ ಕುರ್ಚಿ ತೋರಿಸಿದೆ.

"ನೀವು ಅಲ್ಲಿ ಕೂತ್ಕೊಳ್ಳಿ. ಅತ್ತೆ ಎಂತ ಹೇಳ್ತಿದ್ರೋ ಅದನ್ನೇ ಹೇಳಿ."

"ತಲೆ ಸರಿ ಉಂಟಾ ನಿಂಗೆ?"

"ತಲೆ ಸರಿ ಉಂಟು. ಹಲ್ಲು ಸರಿ ಇಲ್ಲ. ಕೂತ್ಕೊಳ್ಳಿ."

ಅವರು ಕುರ್ಚಿಯ ತುದಿಯಲ್ಲಿ ಕೂತರು. ನಾನು ಎದುರು ನಿಂತು ವಿಧಿವತ್ತಾಗಿ ಅರಿಕೆ ಮಾಡಿಕೊಂಡೆ. "ಅತ್ತೇ, ಹಲ್ಲು ಕೀಳಿಸ್ತೇನೆ."

"ಕೀಳಿಸ್ಲಿಕ್ಕೆ ಅದೆಂತ ಅಂಗಳದ ಹುಲ್ಲಾ ಮಾರಾಯ್ತಿ?"

ತಡವರಿಸದೆ ಬಂತು. ಸ್ವರವೂ ಅದೇ, ಸ್ವಲ್ಪ ಮೂಗಿನಲ್ಲಿ.

"ಹಾಗಾದ್ರೆ ಉಳಿಸ್ತೇನೆ."

"ಉಳಿಸಿ ಎಂತ, ಈ ಪ್ರಾಯದಲ್ಲಿ ಕಬ್ಬು ಜಗಿಲಿಕ್ಕುಂಟಾ ನಿಂಗೆ? ನಮ್ಮ ಕಾಲದಲ್ಲಿ ಡಾಕ್ಟ್ರೂ ಇರ್ಲಿಲ್ಲ, ನೋವೂ ಇರ್ಲಿಲ್ಲ. ಹೋಗು, ಮೊದ್ಲು ಕಾಫಿ ತಾ."

ನಾನು ಒಳಗೆ ಹೋಗಿ ಕಾಫಿ ಮಾಡಿದೆ. ತರುವಷ್ಟರಲ್ಲಿ ಅವರು ಎದ್ದು ಕಿಟಕಿಯ ಗ್ರಿಲ್ ಹಿಡಿದು ನಿಂತಿದ್ದರು. ಲೋಟ ಕೊಟ್ಟೆ. ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. ಸಕ್ಕರೆ ಹಾಕಿರಲಿಲ್ಲ. ಸಕ್ಕರೆ ಕಾಯಿಲೆ ಇದ್ದದ್ದು ಅತ್ತೆಗೆ. ಯಜಮಾನರು ಅದನ್ನೇ ಪೂರ್ತಿ ಕುಡಿದರು. ಸಭೆ ಬರಖಾಸ್ತಾಯಿತು.

ಮರುದಿನ ಬೆಳಿಗ್ಗೆ ಮಾತ್ರ ನಾನು ತೀರ್ಮಾನ ಮಾಡಿಯೇಬಿಟ್ಟೆ. ಉಳಿಸುವುದು! ಅತ್ತೆ ಹಟ ಹಿಡಿದು ಉಳಿಸಿಕೊಟ್ಟ ಹಲ್ಲು, ಇರಲಿ. ಯಜಮಾನರು "ಹ್ಞೂಂ" ಎಂದರು. ಡಾಕ್ಟರಿಗೆ ಫೋನ್ ಮಾಡಿ ಸಂಜೆಯ ಹೊತ್ತು ಗೊತ್ತು ಮಾಡಿದೆ. ಏನೋ ಒಂದು ನಿರಾಳ! ಆ ಖುಷಿಯಲ್ಲಿ ತಿಂಡಿಗೆ ಕೂತವಳು ಎಡಗಡೆಯಲ್ಲೇ ಜಗಿಯಬೇಕೆಂಬ ನಿಯಮ ಮರೆತು ಇಡ್ಲಿಯನ್ನು ಬಲಗಡೆಗೆ ಹಾಕಿಕೊಂಡೆ. ಇಡ್ಲಿಯಲ್ಲಿ ಕಲ್ಲು ಸಿಕ್ಕಿತು. ತೆಗೆದು ನೋಡಿದರೆ ಕ್ಯಾಪು. ಅದರೊಳಗೆ ಅರ್ಧ ಹಲ್ಲು.

ಇಡ್ಲಿ! ಚಕ್ಕುಲಿಯಾಗಿದ್ದರೂ ನಾಲ್ಕು ಜನಕ್ಕೆ ಹೇಳಿಕೊಳ್ಳಲು ಮರ್ಯಾದೆ ಇತ್ತು.

ಸಂಜೆ ಡಾಕ್ಟರು ನೋಡಿ, "ಅಬ್ ಡಿಸೈಡ್ ಕರನೇ ಕೋ ಕುಛ್ ಹೈ ಹೀ ನಹೀ ಆಂಟಿ" ಎಂದರು. ಆರಿಸುವುದಕ್ಕೆ ಏನೂ ಇರಲಿಲ್ಲ, ಉಳಿದ ತುಂಡನ್ನು ಕಿತ್ತರು. ಹತ್ತಿ ಇಟ್ಟು ಅರ್ಧ ಗಂಟೆ ಕಚ್ಚಿಕೊಂಡಿರಲು ಹೇಳಿದರು. ಬದುಕಿದೆ ಎಂದು ಕುರ್ಚಿಯಿಂದ ಇಳಿಯುವಾಗ ಮುಂದಿನದು ಬಂತು. ಗಾಯ ಆರಿದ ಮೇಲೆ ಮೂರು ದಾರಿಗಳಿವೆಯಂತೆ. ಇಂಪ್ಲಾಂಟ್, ಬ್ರಿಜ್, ಇಲ್ಲವೇ ಹಾಗೇ ಖಾಲಿ ಬಿಡುವುದು.

ಎರಡಿದ್ದದ್ದು ಮೂರಾಯಿತು! ಜೊತೆಗೆ ಬಂದಿದ್ದ ಯಜಮಾನರು ಫ್ಯಾನ್ ನೋಡತೊಡಗಿದರು. ನಾನು ಯಾರ ಮುಖವನ್ನೂ ನೋಡಲಿಲ್ಲ. ಹತ್ತಿಯ ಸಂದಿಯಿಂದಲೇ ಘೋಷಿಸಿದೆ. "ಖಾಲೀ ರಹನೇ ದೋ."

"ಪಕ್ಕಾ?"

"ಪಕ್ಕಾ."

ಒಬ್ಬಳೇ, ಒಂದೇ ಉಸಿರಿನಲ್ಲಿ, ನನ್ನ ಜನ್ಮದ ಮೊದಲ ತೀರ್ಮಾನ. ಡಾಕ್ಟರು ತಲೆಯಾಡಿಸಿ ಪಕ್ಕದಲ್ಲಿದ್ದ ಸಿಸ್ಟರ್ ಕಡೆ ತಿರುಗಿದರು. "ಲಿಖೋ, ಪೇಷಂಟ್ ಅಭೀ ಸೋಚ್ ರಹೀ ಹೈ."

ಇನ್ನೂ ಯೋಚಿಸುತ್ತಿರುವವಳು ಎಂದು ಬರೆಸಿಕೊಂಡರೂ ರಿಕ್ಷಾದಲ್ಲಿ ಕುತ್ತಿಗೆ ನೆಟ್ಟಗೆ ಮಾಡಿಯೇ ಕೂತಿದ್ದೆ. ಯಜಮಾನರು ಮೆಲ್ಲಗೆ ಅಂದರು, "ಒಳ್ಳೇ ಧೈರ್ಯ ಬಂತಲ್ಲ ನಿಂಗೆ. ಹಾಗಾದ್ರೆ ಆ ಕುರ್ಚಿಗೂ ಒಂದು ಹೇಳಿಬಿಡು. ಕೊಡುದಾ, ಇಡುದಾ?"

ನಾನು ಬಾಯಿಯ ಹತ್ತಿಯನ್ನು ಬೆರಳಿನಿಂದ ತೋರಿಸಿ, ಮಾತಾಡಬಾರದು ಎಂದು ಕೈಸನ್ನೆ ಮಾಡಿದೆ. ಅರ್ಧ ಗಂಟೆಯ ಹತ್ತಿಯನ್ನು ಯಜಮಾನರು ನಿದ್ದೆ ಹೋಗುವವರೆಗೂ ನಾನು ತೆಗೆಯಲಿಲ್ಲ.