ಲಿಫ್ಟಿನೊಳಗೆ ಶಾಂತಿ ಮಾತುಕತೆ

ಆ ನಾಲ್ಕು ಮಹಡಿಯ ಕಟ್ಟಡದ ನಿವಾಸಿಗಳ ಸಂಘವು ಹುಟ್ಟಿದ ದಿನದಿಂದ ಇಂದಿನವರೆಗೆ ಜಗತ್ತಿನ ಯಾವ ಯುದ್ಧದ ಬಗ್ಗೆಯೂ ಅಭಿಪ್ರಾಯ ಹೇಳದೆ ಬಿಟ್ಟಿಲ್ಲ. ಯುದ್ಧ ಮಾಡುತ್ತಿದ್ದವರಿಗೆ ಈ ಸಂಗತಿ ತಿಳಿಯದೆ ಹೋದದ್ದು ಅವರವರ ದೌರ್ಭಾಗ್ಯ.

ಸಂಘದ ಕಾರ್ಯದರ್ಶಿ ನಾಲ್ಕನೇ ಮಹಡಿಯ ಸೊಸೆ. ಸೊಸೆ ಎಂದರೆ ನಿನ್ನೆ ಮೊನ್ನೆ ಬಂದವಳಲ್ಲ. ಅವಳಿಗೇ ಮೊಮ್ಮಗಳು ಹುಟ್ಟಿ ಎದುರು ಮಾತಾಡುವಷ್ಟು ದೊಡ್ಡವಳಾಗಿದ್ದಾಳೆ. ಆದರೆ ಅತ್ತೆ ಎಂಬುವರು ಗಟ್ಟಿ ದನಿಯಲ್ಲಿ ಇರುವ ತನಕ ಯಾವ ಹೆಂಗಸೂ ಸೊಸೆತನದಿಂದ ನಿವೃತ್ತಳಾಗುವಂತಿಲ್ಲ. ಇವಳು ರಾಜ್ಯಶಾಸ್ತ್ರದಲ್ಲಿ ಪದವಿ ಪಡೆದವಳು. ಆ ಪ್ರಮಾಣಪತ್ರ ಚೌಕಟ್ಟಿನೊಳಗೆ ಕೂತು, ಬಾಗಿಲು ತೆರೆದವರ ಕಣ್ಣಿಗೆ ಮೊದಲು ಬೀಳುವ ಗೋಡೆಯ ಮೇಲಿದೆ. ಕಟ್ಟಡದಲ್ಲಿ ಎಲ್ಲರೂ ಅವಳನ್ನು ಕಾರ್ಯದರ್ಶಿಯಮ್ಮ ಎನ್ನುತ್ತಿದ್ದರು. ಅತ್ತೆ ಮಾತ್ರ "ಏ ಹುಡುಗಿ" ಎನ್ನುತ್ತಿದ್ದರು.

ಆ ವರ್ಷ ಲಿಫ್ಟು ಕೆಟ್ಟಿತು. ನೆಲಮಹಡಿಯಲ್ಲಿ ಬಾಯಿ ತೆರೆದುಕೊಂಡು ನಿಂತದ್ದು ಮೇಲೇರಲಿಲ್ಲ. ಒಳಗಿನ ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಕನ್ನಡಿಯಲ್ಲಿ ಮುಖ ಕಾಣುತ್ತಿತ್ತು. ಮೇಲೆ ಹೋಗದಿರುವುದೊಂದನ್ನು ಬಿಟ್ಟರೆ ಲಿಫ್ಟಿಗೆ ಬೇರೆ ಯಾವ ಕಾಯಿಲೆಯೂ ಇರಲಿಲ್ಲ. ಮೆಕ್ಯಾನಿಕ್ ಬಂದು ನೋಡಿ, "ಮೇಲಿನ ಮೋಟರು ಹೋಗಿದೆ. ಸಂಘದವರು ಹೂಂ ಅಂದ್ರೆ ಒಂದು ಬೆಳಗ್ಗೆಯ ಕೆಲಸ" ಎಂದು ಹೇಳಿ ಹೋದ.

ಸಂಘದವರು ಹೂಂ ಅನ್ನಬೇಕಾದರೆ ವಿಷಯ ಸಭೆಯ ಮುಂದೆ ಬರಬೇಕು. ಸಭೆಗೆ ಒಂದು ನಿಯಮವಿತ್ತು. ಹಿಂದೊಮ್ಮೆ ಸ್ಕೂಟರ್ ನಿಲ್ಲಿಸುವ ಜಾಗಕ್ಕಾಗಿ ಇಬ್ಬರು ಸದಸ್ಯರು ಪರಸ್ಪರರ ಅಂಗಿಯ ಗುಂಡಿಗಳನ್ನು ಕಿತ್ತುಕೊಂಡಿದ್ದರು. ಅಂದು ಅಧ್ಯಕ್ಷರು, "ದೊಡ್ಡ ವಿಷಯಗಳನ್ನು ಮೊದಲು ಮಾತಾಡಿದರೆ ಸಣ್ಣ ವಿಷಯಗಳು ತಾವಾಗಿಯೇ ಸಣ್ಣವಾಗಿ ಕಾಣುತ್ತವೆ" ಎಂದು ಹೇಳಿ, ನಿಯಮ ಬರೆಸಿದ್ದರು: ಮೊದಲು ಯುದ್ಧ, ಆಮೇಲೆ ಲೋಕದ ಆರ್ಥಿಕತೆ, ಆಮೇಲೆ ಸಮಾಜ, ಕಡೆಗೆ ಕಟ್ಟಡ. ಮೇಲಿನ ವಿಷಯದಲ್ಲಿ ಒಮ್ಮತದ ಅಭಿಪ್ರಾಯ ಬಾರದೆ ಕೆಳಗಿನ ವಿಷಯಕ್ಕೆ ಇಳಿಯಕೂಡದು.

ಈ ನಿಯಮ ಎಲ್ಲರಿಗೂ ಹಿಡಿಸಿತ್ತು. ಅಭಿಪ್ರಾಯಕ್ಕೆ ಚಂದಾ ಎತ್ತಬೇಕಾಗಿಲ್ಲವಲ್ಲ.

ಅಧ್ಯಕ್ಷರು ಯಾವುದೋ ದೊಡ್ಡ ಕಚೇರಿಯಲ್ಲಿ ಮುಖ್ಯ ಗುಮಾಸ್ತರಾಗಿ ನಿವೃತ್ತರಾದವರು. ವಾಸ ನೆಲಮಹಡಿ. ಲಿಫ್ಟು ನಿಂತ ವಾರದಲ್ಲೇ ಅವರು ಅದರೊಳಗೆ ಒಂದು ಕುರ್ಚಿ, ಒಂದು ಸಣ್ಣ ಮೇಜು, ಗೋಡೆಗೊಂದು ಪ್ರಪಂಚದ ನಕ್ಷೆ ಹಾಕಿಸಿಕೊಂಡರು. "ನಿರುಪಯೋಗಿ ಸ್ಥಳದ ಸದುಪಯೋಗ" ಎಂದು ಸೂಚನಾಫಲಕದಲ್ಲಿ ಪ್ರಕಟಣೆಯೂ ಬಂತು.

ತೊಂದರೆ ಆದದ್ದು ಅತ್ತೆಗೆ. ಅವರ ಒಡಹುಟ್ಟಿದ ತಂಗಿ ಅದೇ ಕಟ್ಟಡದ ನೆಲಮಹಡಿಯಲ್ಲಿದ್ದರು. ಮನೆಯಲ್ಲಿ ಅವರನ್ನು ಚಿಕ್ಕತ್ತೆ ಎನ್ನುವುದು. ಅಕ್ಕನಿಗೆ ಮಂಡಿ ಬಾಗದು, ತಂಗಿಗೆ ಉಸಿರು ಸಾಲದು. ಲಿಫ್ಟು ಓಡುತ್ತಿದ್ದಾಗ ದಿನಾ ಮಧ್ಯಾಹ್ನ ಊಟ ಮುಗಿಸಿ ಅತ್ತೆ ಕೆಳಗಿಳಿದು, ತಂಗಿಯ ಜೊತೆ ಇಸ್ಪೀಟಾಡಿ, ಜಗಳವಾಡಿ, "ಇನ್ನು ನಿನ್ನ ಮುಖ ನೋಡಲ್ಲ" ಎಂದು ಹೇಳಿ ಮೇಲೆ ಬರುತ್ತಿದ್ದರು. ಈಗ ಮಾತು ನಿಜವಾಗಿಬಿಟ್ಟಿತ್ತು. ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿಯೊಂದು ಇಳಿಯುತ್ತಿತ್ತು, ಏರುತ್ತಿತ್ತು. ಅದರಲ್ಲಿ ಹಣ್ಣು, ಮಾತ್ರೆ, ಹಳೆಯ ಕನ್ನಡಕ ಇತ್ಯಾದಿ ಸಂಚರಿಸುತ್ತಿದ್ದವು. ಆದರೆ ಬುಟ್ಟಿಯ ಜೊತೆ ಜಗಳವಾಡಲು ಬರುವುದಿಲ್ಲ.

"ಫೋನಿನಲ್ಲೇ ಆಡಿ ಅತ್ತೆ" ಎಂದು ಕಾರ್ಯದರ್ಶಿಯಮ್ಮ ಸಲಹೆ ಕೊಟ್ಟಳು.

"ಎದುರಿಗೆ ಕೂತಾಗಲೇ ಎಲೆ ಬಚ್ಚಿಡೋ ಕಳ್ಳಿ ಅವಳು. ಫೋನಿನಲ್ಲಿ ಬಿಡ್ತಾಳಾ?"

"ಹಾಗಾದ್ರೆ ಕುರ್ಚಿ ಮೇಲೆ ಕೂರಿಸಿ ನಾಲ್ಕು ಜನ ಹೊತ್ತು ಇಳಿಸ್ತಾರೆ."

"ನಾಲ್ಕು ಜನರ ಹೆಗಲ ಮೇಲೆ ನಾನು ಇಳಿಯೋದು ಒಂದೇ ಸಲ, ಹುಡುಗಿ. ಅದಕ್ಕೆ ಇನ್ನೂ ಟೈಮ್ ಇದೆ."

ದಿನ ಕಳೆದಂತೆ ಅತ್ತೆ ಬಯ್ಯುವುದನ್ನು ಕಡಿಮೆ ಮಾಡಿದರು. ಸಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಂಡರು. ಕಾರ್ಯದರ್ಶಿಯಮ್ಮನಿಗೆ ನಿಜವಾಗಿ ಭಯವಾದದ್ದು ಆಗಲೇ.

ಅವಳು ಲಿಫ್ಟಿನ ವಿಷಯವನ್ನು, ಬಾಲ್ಕನಿಗಳ ಕೆಳಗೆ ಲಿಫ್ಟಿನೆದುರಿನ ಅಂಗಳದಲ್ಲಿ ಸೇರುವ ಸಭೆಗೆ ತಂದಳು. ಆದರೆ ಆಗ ಎಣ್ಣೆಯ ದೇಶಕ್ಕೂ ಗೋಧಿಯ ದೇಶಕ್ಕೂ ಯುದ್ಧ ನಡೆಯುತ್ತಿತ್ತು. ಮೊದಲನೇ ಮಹಡಿಯ ಹಲ್ಲಿನ ಡಾಕ್ಟರು ಗೋಧಿಯ ಪಕ್ಷ. ಅವರ ಷಡ್ಡಕ ಒಮ್ಮೆ ಆ ದೇಶದ ವಿಮಾನನಿಲ್ದಾಣದಲ್ಲಿ ಆರು ಗಂಟೆ ಕೂತು ಎದ್ದುಬಂದಿದ್ದರು. ನೆಲಮಹಡಿಯ ಸ್ಟೇಷನರಿ ಅಂಗಡಿಯವರು ಎಣ್ಣೆಯ ಪಕ್ಷ. ಡಾಕ್ಟರು ಅವರ ತಪ್ಪು ಹಲ್ಲು ಕಿತ್ತಿದ್ದರು.

"ಎರಡೂ ಕಡೆ ತಪ್ಪಿದೆ ಅಂತ ಬರೆದುಕೊಂಡು ಮುಂದೆ ಹೋಗೋಣವೇ?" ಎಂದಳು ಕಾರ್ಯದರ್ಶಿಯಮ್ಮ.

ಡಾಕ್ಟರು ಎದ್ದು ನಿಂತರು. "ಬರ್ಕೊಳ್ಳಿ. ಆದ್ರೆ ಆ ಕಡೆ ಸ್ವಲ್ಪ ಜಾಸ್ತಿ ತಪ್ಪು ಅಂತ ಸೇರಿಸಿ."

"ಸೇರಿಸಿದ್ರೆ ನಾನು ರಾಜೀನಾಮೆ ಕೊಡ್ತೀನಿ" ಎಂದರು ಅಂಗಡಿಯವರು. ಅವರಿಗೆ ಯಾವ ಹುದ್ದೆಯೂ ಇರಲಿಲ್ಲವಾದ್ದರಿಂದ ಸಭೆ ಗಂಭೀರವಾಯಿತು.

"ಸ್ವಾಮಿ, ನಮ್ಮತ್ತೆ ಕೆಳಗಿಳಿದು ಎಷ್ಟು ದಿನವಾಯ್ತು..."

ಅಧ್ಯಕ್ಷರು ಲಿಫ್ಟಿನೊಳಗೆ ಫ್ಯಾನಿನ ಕೆಳಗಿನಿಂದ ನೋವಿನ ನಗೆ ನಕ್ಕರು. "ತಾಯಿ, ಅಲ್ಲಿ ಊರಿಗೆ ಊರೇ ಉರೀತಾ ಇದೆ. ಇಲ್ಲಿ ನೀವು ಲಿಫ್ಟು ಅಂತೀರಿ. ಓದಿದವರು ನೀವು."

ಓದಿದವರು ಎಂಬ ಮಾತು ಅವಳಿಗೆ ಮುಳ್ಳಿನಂತೆ ಚುಚ್ಚಿತು. ಆದರೂ ನಡಾವಳಿಯಲ್ಲಿ "ಅಧ್ಯಕ್ಷರು ಸಕಾಲಿಕವಾಗಿ ಎಚ್ಚರಿಸಿದರು" ಎಂದು ಮುದ್ದಾದ ಅಕ್ಷರದಲ್ಲಿ ಬರೆದಳು. ಅಕ್ಷರ ಕೆಡಿಸುವುದು ಅವಳಿಂದಾಗದ ಕೆಲಸ.

ಬೇಸಿಗೆ ಮುಗಿಯುವ ಹೊತ್ತಿಗೆ ಎಣ್ಣೆಗೂ ಗೋಧಿಗೂ ಕದನವಿರಾಮವಾಯಿತು. ಕಟ್ಟಡದಲ್ಲಿ ಸೂತಕದ ಕಳೆ. ಬೇರೆ ದಾರಿ ಇಲ್ಲದೆ ಸಭೆ ಆರ್ಥಿಕತೆಗೆ ಇಳಿಯಿತು. ಜಗತ್ತಿನ ಹಣದುಬ್ಬರಕ್ಕೆ ಜನರ ದುರಾಸೆಯೇ ಕಾರಣವೆಂದು ಒಮ್ಮತದ ಅಭಿಪ್ರಾಯ ಬಂತು. ಅದನ್ನು ಮಂಡಿಸಿದವರು ಹೋದ ತಿಂಗಳಷ್ಟೇ ಬಾಡಿಗೆ ಏರಿಸಿದ ಎರಡನೇ ಮಹಡಿಯವರು. ಆಮೇಲೆ ಸಮಾಜ. ವಿಷಯ: "ಮನುಷ್ಯ ಮನುಷ್ಯರ ನಡುವೆ ಕುಸಿಯುತ್ತಿರುವ ಒಡನಾಟ, ವಿಶೇಷವಾಗಿ ವೃದ್ಧರ ಒಂಟಿತನ."

ಡಾಕ್ಟರು ಕಣ್ಣೊರೆಸಿಕೊಂಡು ಮಾತಾಡಿದರು. "ಇವತ್ತು ಯಾರಿಗೆ ಯಾರೂ ಇಲ್ಲ. ಒಂದೇ ಊರಲ್ಲಿ ಅಕ್ಕ ತಂಗಿ ಇದ್ರೂ ಒಬ್ಬರ ಮುಖ ಒಬ್ಬರು ನೋಡಲ್ಲ."

"ಒಂದೇ ಕಟ್ಟಡದಲ್ಲಿ!" ಎಂದು ನಾಲ್ಕನೇ ಮಹಡಿಯ ಬಾಲ್ಕನಿಯಿಂದ ಒಂದು ದನಿ ಕೇಳಿತು.

"ಸದಸ್ಯರಲ್ಲದವರು ಮಧ್ಯೆ ಮಾತಾಡಬಾರದು" ಎಂದರು ಅಧ್ಯಕ್ಷರು, ತಲೆಯೆತ್ತದೆ.

ಒಂಟಿತನದ ವಿರುದ್ಧ ಒಮ್ಮತದ ಅಭಿಪ್ರಾಯ ಬಂತು. ಕಾರ್ಯದರ್ಶಿಯಮ್ಮ ಹಾಳೆ ಮಗುಚಿ, ಗಂಟಲು ಸರಿಮಾಡಿಕೊಂಡು, "ವಿಷಯ ನಾಲ್ಕು, ಕಟ್ಟಡ" ಎಂದು ಓದುವಷ್ಟರಲ್ಲಿ ಅಂಗಡಿಯವರು ಮೊಬೈಲನ್ನು ಎತ್ತಿ ಹಿಡಿದು ಕೂಗಿದರು: "ಶುರುವಾಯ್ತು! ಎರಡು ದ್ವೀಪಗಳ ನಡುವೆ!"

ಕುಸಿದು ಕೂತಿದ್ದ ಸಭೆಗೆ ಜೀವ ಬಂತು. ಅಧ್ಯಕ್ಷರು ನಕ್ಷೆಯಲ್ಲಿ ದ್ವೀಪಗಳನ್ನು ಹುಡುಕತೊಡಗಿದರು.

ಅಂದು ಕಾರ್ಯದರ್ಶಿಯಮ್ಮ ನಾಲ್ಕು ಮಹಡಿ ಹತ್ತಿ ಬಂದು, ಚಪ್ಪಲಿ ಬಿಡುವುದನ್ನೂ ಮರೆತು ತನ್ನ ಪ್ರಮಾಣಪತ್ರದ ಎದುರು ನಿಂತಳು. ಮೂರು ವರ್ಷ ಓದಿದ ವಿದ್ಯೆಯಲ್ಲಿ ಏನೋ ಒಂದು ಉಪಯೋಗ ಇರಲೇಬೇಕಲ್ಲ! ಅತ್ತೆ ಇಸ್ಪೀಟಿನ ಎಲೆಗಳನ್ನು ತಾವೇ ಹಂಚಿ, ಎರಡೂ ಕಡೆಯಿಂದ ತಾವೇ ಆಡುತ್ತಾ ಕೂತಿದ್ದರು.

"ಯಾರು ಗೆದ್ರು ಅತ್ತೆ?"

"ಯಾರು ಗೆದ್ರೆ ಏನು, ಬಯ್ಯೋಕೆ ಯಾರೂ ಇಲ್ಲ."

ಮುಂದಿನ ಸಭೆಯಲ್ಲಿ ಕಾರ್ಯದರ್ಶಿಯಮ್ಮ ಎದ್ದು ನಿಂತು, ಒಂದು ಹಾಳೆಯನ್ನು ಯಾವ ಏರಿಳಿತವೂ ಇಲ್ಲದೆ ಓದಿದಳು: "ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಮೂರು ಮತ್ತು ನಾಲ್ಕನೇ ಮಹಡಿಗಳು ಇಂದು ಬೆಳಗ್ಗೆಯಿಂದ ಪ್ರತ್ಯೇಕ ದೇಶವಾಗಿವೆ. ಮೇಲ್ನಾಡು ಎಂದು ಹೆಸರು. ಕೆಳನಾಡಿನೊಂದಿಗೆ ನಮಗೆ ಯುದ್ಧ ಇದೆ. ನಿಯಮದ ಪ್ರಕಾರ ಯುದ್ಧ ಮೊದಲನೇ ವಿಷಯ."

"ಇದು ತಮಾಷೆ" ಎಂದರು ಅಧ್ಯಕ್ಷರು.

"ನಿಯಮದಲ್ಲಿ ಯುದ್ಧ ಅಂತ ಇದೆ. ದೂರದ ಯುದ್ಧ ಅಂತ ಇಲ್ಲ."

"ಯುದ್ಧ ಅಂದ್ರೆ ಆಕ್ರಮಣ ನಡೀಬೇಕು, ತಾಯಿ. ಬರೀ ಬಾಯಿಮಾತಿಗೆ—"

ಆಗ ನಾಲ್ಕನೇ ಮಹಡಿಯಿಂದ ನೆಲ ಒರೆಸಿದ ನೀರು ಒಂದು ಬಕೆಟ್ ಕೆಳಗೆ ಬಂತು. ಖಾಲಿ ಕುರ್ಚಿಗೆ ಗುರಿಯಿಡಬೇಕೆಂದು ಮಾತಾಗಿತ್ತು. ಬಿದ್ದದ್ದು ಹಲ್ಲಿನ ಡಾಕ್ಟರ ಮೇಲೆ. ಕೈ ಜಾರಿತು ಎಂದು ಅತ್ತೆ ಈಗಲೂ ಹೇಳುತ್ತಾರೆ. ಹೇಳುವಾಗ ಸೆರಗು ಬಾಯಿಗಿಟ್ಟುಕೊಳ್ಳುತ್ತಾರೆ.

ಡಾಕ್ಟರು ತೊಟ್ಟಿಕ್ಕುತ್ತಲೇ ಘೋಷಿಸಿದರು: "ಇದನ್ನು ನಾನು ತೀವ್ರವಾಗಿ ಖಂಡಿಸ್ತೀನಿ!" ಅವರ ಮುಖದಲ್ಲಿ ಅಂಥ ಸಂತೋಷವನ್ನು ಅವರ ಹೆಂಡತಿಯೂ ಕಂಡಿರಲಿಲ್ಲ. ಇಷ್ಟು ವರ್ಷ ಖಂಡಿಸಿದ್ದೆಲ್ಲ ಟಿ.ವಿ.ಯಲ್ಲಿ ಕಂಡದ್ದು, ತಮ್ಮದೇ ಅಂಗಿ ಒದ್ದೆಯಾದದ್ದು ಇದೇ ಮೊದಲು. ಅವರು ಖಂಡಿಸಿದ ಕೂಡಲೇ ಅಂಗಡಿಯವರು, ತಾವು ಕೆಳನಾಡಿನ ಪ್ರಜೆಯಾಗಿದ್ದರೂ, ಮೇಲ್ನಾಡಿನ ಬೇಡಿಕೆ ನ್ಯಾಯವಾದದ್ದು ಎಂದರು. ದ್ವೀಪಗಳನ್ನು ಯಾರೂ ನೆನೆಯಲಿಲ್ಲ.

ಮುಂದಿನದೆಲ್ಲ ಯಾವುದೇ ಮರ್ಯಾದಸ್ಥ ಯುದ್ಧದಂತೆಯೇ ನಡೆಯಿತು. ಕೆಳನಾಡು ಬುಟ್ಟಿಯ ಮೇಲೆ ನಿರ್ಬಂಧ ಹೇರಿತು. ಕಾವಲುಗಾರ ಗಡಿ ಅಧಿಕಾರಿಯಾಗಿ ಬಡ್ತಿ ಪಡೆದು, ಅದರಲ್ಲಿ ಬಂದ ಬಾಳೆಹಣ್ಣನ್ನು ಜಪ್ತಿ ಮಾಡಿ, ಸಾಕ್ಷ್ಯ ಕೆಡಬಾರದೆಂದು ತಿಂದ. ಎರಡನೇ ಮಹಡಿಯವರು ತಾವು ತಟಸ್ಥರೆಂದು ಸಾರಿ, ಎರಡೂ ದೇಶಗಳಿಗೆ ಬಕೆಟ್ ಬಾಡಿಗೆಗೆ ಕೊಟ್ಟರು.

ಕಡೆಗೆ, ಯುದ್ಧ ಅಂದಮೇಲೆ ಶಾಂತಿ ಮಾತುಕತೆ ಆಗಲೇಬೇಕೆಂದು ಅಧ್ಯಕ್ಷರೇ ಹೇಳಿದರು. ಮಾತುಕತೆಗೆ ಯಾರಿಗೂ ಸೇರದ ಜಾಗ ಬೇಕು. ಅಂಥದ್ದು ಇಡೀ ಕಟ್ಟಡದಲ್ಲಿ ಲಿಫ್ಟೊಂದೇ.

"ನಮಗೆ ಒಪ್ಪಿಗೆ" ಎಂದಳು ಕಾರ್ಯದರ್ಶಿಯಮ್ಮ. "ನಮ್ಮ ಪ್ರತಿನಿಧಿ ನಮ್ಮತ್ತೆ."

"ಬರಲಿ, ಸಂತೋಷ."

"ಹೇಗೆ ಬರೋದು? ಮೆಟ್ಟಿಲು ನಿಮ್ಮ ದೇಶದ್ದು. ಶತ್ರುನೆಲದ ಮೇಲೆ ಕಾಲಿಟ್ಟರೆ ಶರಣಾದಂತೆ. ರಾಜ್ಯಶಾಸ್ತ್ರದಲ್ಲಿ ಇದೆ."

ರಾಜ್ಯಶಾಸ್ತ್ರದಲ್ಲಿ ಅಂಥದ್ದೇನೂ ಇಲ್ಲ. ಆದರೆ ಆ ಕಟ್ಟಡದಲ್ಲಿ ಅದನ್ನು ಓದಿದವಳು ಅವಳೊಬ್ಬಳೇ.

ಅಧ್ಯಕ್ಷರು ಬಹಳ ಹೊತ್ತು ನಕ್ಷೆ ನೋಡಿದರು. "ಅಂದ್ರೆ... ಮಾತುಕತೆಯ ಜಾಗವೇ ಮೇಲೆ ಬಂದು ಅವರನ್ನು ಕರ್ಕೊಂಡು ಬರಬೇಕು."

"ನೀವೇ ಹೇಳಿದ್ರಿ."

ಯಾರೂ ಅಡ್ಡಿ ಮಾಡಲಿಲ್ಲ. ಲಿಫ್ಟು ರಿಪೇರಿಗೆ ಚಂದಾ ಕೊಡೆವು ಎಂದಿದ್ದ ನೆಲಮಹಡಿಯವರೆಲ್ಲ ಶಾಂತಿಗಾಗಿ ಎಂದ ಕೂಡಲೇ ಜೇಬಿಗೆ ಕೈಹಾಕಿದರು. ಅಧ್ಯಕ್ಷರ ಕುರ್ಚಿ ಹೊರಗೆ ಬಂತು. ಮೆಕ್ಯಾನಿಕ್ ಬಂದ. "ನೀನು ಯಾವ ಕಡೆ?" ಎಂದು ಡಾಕ್ಟರು ಅವನನ್ನು ಹಿಡಿದು ಕೇಳಿದರು.

"ಎರಡೂ ಕಡೆ ಸರ್. ಇಬ್ಬರಿಗೂ ಬಿಲ್ ಕೊಡ್ತೀನಿ" ಎಂದ ಅವನು. ಕೊಟ್ಟ ಕೂಡ.

ಹೇಳಿದಂತೆ ಒಂದು ಬೆಳಗ್ಗೆಯಲ್ಲಿ ಕೆಲಸ ಮುಗಿಯಿತು. ಮಧ್ಯಾಹ್ನ ಅತ್ತೆ ಇಸ್ತ್ರಿ ಮಾಡಿದ ಸೀರೆಯುಟ್ಟು, ಇಸ್ಪೀಟಿನ ಕಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಲಿಫ್ಟು ಹತ್ತಿದರು. ಇಳಿಯುವಾಗ ಒಂದು ಕೈಯಿಂದ ಸೊಸೆಯ ಮುಂಗೈಯನ್ನು ಗಟ್ಟಿಯಾಗಿ ಹಿಡಿದಿದ್ದರು. ಕೆಳಗೆ ಬಾಗಿಲು ತೆರೆದಾಗ ಕೆಳನಾಡಿನ ಪ್ರತಿನಿಧಿಯಾಗಿ ಚಿಕ್ಕತ್ತೆ ನಿಂತಿದ್ದರು. ಅವರನ್ನು ಆರಿಸಲು ಕಾರಣ, ಮಧ್ಯಾಹ್ನ ಆ ಕಡೆ ಎಚ್ಚರವಾಗಿರುವವರು ಅವರೊಬ್ಬರೇ.

ಅಕ್ಕ ತಂಗಿಯರು ಒಬ್ಬರನ್ನೊಬ್ಬರು ನೋಡಿದರು.

"ಸೊರಗಿದೀಯಲ್ಲೇ" ಎಂದರು ಅತ್ತೆ.

"ನೀನೇನು ಊದಿದೀಯಾ?" ಎಂದು ಚಿಕ್ಕತ್ತೆ ಮೂಗು ಒರೆಸಿಕೊಂಡರು. "ಬಾ, ಎಲೆ ಹಾಕು."

ಮಾತುಕತೆ ಸಂಜೆವರೆಗೆ ನಡೆಯಿತು. ಕಾರ್ಯದರ್ಶಿಯಮ್ಮ ಮನೆಗೆ ಮರಳಿ, ರಾತ್ರಿಯ ಸಾರಿಗೆ ಬೇಕೆಂದೇ ಒಂದು ಚಮಚ ಉಪ್ಪು ಹೆಚ್ಚು ಹಾಕಿದಳು. ಅತ್ತೆ ಬಾಯಿಗಿಟ್ಟು, "ಏ ಹುಡುಗಿ, ಸಮುದ್ರ ತಂದು ಸುರಿದಿದೀಯೇನೇ?" ಎಂದು ಮೂರು ಮಹಡಿಗೆ ಕೇಳುವಂತೆ ಕೂಗಿದರು. ಸೊಸೆಗೆ ನೆಮ್ಮದಿಯಾಯಿತು.

ಇನ್ನುಳಿದದ್ದು ಒಂದೇ ತೊಡಕು. ಶಾಂತಿ ಒಪ್ಪಂದವಾದರೆ ಯುದ್ಧ ಮುಗಿಯುತ್ತದೆ. ಯುದ್ಧ ಮುಗಿದರೆ ಲಿಫ್ಟು ಮರಳಿ ನಾಲ್ಕನೇ ವಿಷಯವಾಗುತ್ತದೆ. ನಾಲ್ಕನೇ ವಿಷಯಕ್ಕೆ ಒಮ್ಮತ ಬರುವ ತನಕ ಅದು ಓಡಕೂಡದು. ಆದ್ದರಿಂದ ಒಪ್ಪಂದಕ್ಕೆ ಅವಸರ ಮಾಡಬಾರದೆಂದು ಎರಡೂ ದೇಶಗಳು ಒಮ್ಮತದಿಂದ ನಿರ್ಧರಿಸಿದವು. ಸಂಘದ ಚರಿತ್ರೆಯಲ್ಲಿ ಅರ್ಧ ಗಂಟೆಯೊಳಗೆ ಬಂದ ಒಮ್ಮತ ಅದೊಂದೇ. ಈಗ ಮೇಲಿನ ಮಹಡಿಗಳ ಹಾಲಿನವರು, ಪೇಪರಿನವರು, ಶಾಲೆಯ ಮಕ್ಕಳು ಎಲ್ಲರೂ "ಶಾಂತಿ ನಿಯೋಗ" ಎಂಬ ಬಿಲ್ಲೆ ಕುತ್ತಿಗೆಗೆ ಹಾಕಿಕೊಂಡು ಲಿಫ್ಟಿನಲ್ಲಿ ಓಡಾಡುತ್ತಾರೆ. ಹೊಸದಾಗಿ ಬಾಡಿಗೆಗೆ ಬರುವವರು ಮನೆ ನೋಡುವಾಗಲೇ ಬಿಲ್ಲೆಯನ್ನೂ ಕೇಳುತ್ತಾರೆ.

ಮೊನ್ನೆಯ ಮಾತುಕತೆಯಲ್ಲಿ ಚಿಕ್ಕತ್ತೆ ಇಸ್ಪೀಟಿನ ರಾಜನನ್ನು ಸೆರಗಿನೊಳಗೆ ಬಚ್ಚಿಟ್ಟದ್ದು ಸಿಕ್ಕಿಬಿತ್ತು.

"ನಿಮ್ಮ ದೇಶವೇ ಕಳ್ಳರ ದೇಶ!" ಎಂದು ಅತ್ತೆ ಗುಡುಗಿದರು. "ಇನ್ನು ನಿನ್ನ ಮುಖ ನೋಡಲ್ಲ!"

ಲಿಫ್ಟಿನ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಅಧ್ಯಕ್ಷರು ತಕ್ಷಣ ಎದ್ದು ಸೂಚನಾಫಲಕಕ್ಕೆ ಪ್ರಕಟಣೆ ಅಂಟಿಸಿದರು: "ಮಾತುಕತೆಯಲ್ಲಿ ಗಂಭೀರ ಭಿನ್ನಾಭಿಪ್ರಾಯ ತಲೆದೋರಿದೆ. ನಾಳೆ ಮಧ್ಯಾಹ್ನ ಊಟದ ನಂತರ ಮುಂದುವರಿಯುವುದು. ಸಾರ್ವಜನಿಕರು ಆತಂಕಪಡಬೇಕಾಗಿಲ್ಲ."

ಯಾರೂ ಆತಂಕಪಡಲಿಲ್ಲ.